ಕಿರುಗುಟ್ಟದ ಬ್ರೇಕು

...ಅಲ್ಲಯ್ಯಾ, ಆ ಚಕ್ರ ಯಾಕೆ ಬಿಚ್ತಾ ಇದೀಯ? ಬಿಡು ಅಂದೆ! ಇನ್ನೇನು ನೋಡೋದಿದೆ ಅದರಲ್ಲಿ? ರೇಸಲ್ಲಿ ಕಾರು ಗೋಡೆಗೆ ಹೊಡೀತು, ನನ್ನ ತಂಗಿ ಕಾಲಿಗೆ ರಾಡ್ ಹಾಕಿಸ್ಕೊಂಡು ಆಸ್ಪತ್ರೆಯಲ್ಲಿ ಮಲಗಿದಾಳೆ... ನೀನು, ಅವಳ ಗಂಡ ಅನ್ನೋನು, ಇಲ್ಲಿ ಕುಕ್ಕರಗಾಲಲ್ಲಿ ಕೂತು ಸ್ಪ್ಯಾನರ್ ತಿರುಗಿಸ್ತಾ ಇದೀಯ. ಚೆನ್ನಾಗಿದೆ! ಬಹಳ ಚೆನ್ನಾಗಿದೆ! ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ್ನಂತೆ.

ಏನು ಹಾಗೆ ನೋಡ್ತೀಯ? ಹೌದು, ನಾನೇ ಅವಳಿಗೆ ಹೇಳಿದ್ದು. 'ನಿನ್ನ ಗಂಡ ಹಾಕಿದ ಬ್ರೇಕ್ ಪ್ಯಾಡೇ ಕೈ ಕೊಟ್ಟಿದ್ದು ಕಣಮ್ಮಾ' ಅಂದೆ. ಅದಕ್ಕೇ ಅವಳು ನಿನ್ನ ಮುಖ ನೋಡಲ್ಲ ಅಂತಿರೋದು. ನೋಡದೇ ಇರ್ಲಿ! ವಾರ್ಡಿನ ಬಾಗಿಲಲ್ಲೇ ನಿಂತಿರು.

ಎಷ್ಟು ಬಡ್ಕೊಂಡೆ ನಾನು! ಕಂಪನಿಯೋರು ಗಾಡಿ ಜೊತೆ ಕೊಟ್ಟಿರೋ ಬ್ರೇಕು ಏನು ಹುಡುಗಾಟಕ್ಕೆ ಮಾಡಿರ್ತಾರಾ? ಬಿಸಿಲು, ಚಳಿ, ನೀರು, ಎಲ್ಲದರಲ್ಲೂ ಓಡಿಸಿ ನೋಡಿರ್ತಾರೆ. ಆದ್ರೆ ನಿನಗೆ ಹಿತ್ತಲ ಗಿಡ ಮದ್ದಲ್ಲ. ಹೊರಗಿನ ಡಿಸ್ಕು ಬೇಕು, ಬ್ರೇಕ್ ಎಣ್ಣೆಗೆ ಹೊರಗಿನ ಹೋಸು ಬೇಕು, ಆ ಕಿತ್ತಳೆ ಬಣ್ಣದ ಪ್ಯಾಡು ಬೇಕು. ಪುಣ್ಯಕ್ಕೆ ಪ್ಯಾಡ್ ಕೂರೋ ಕ್ಯಾಲಿಪರ್ ಒಂದನ್ನ ಕಂಪನಿದೇ ಉಳಿಸಿದೆ! ಕೇಳಿದ್ರೆ ಏನು ಪಾಠ ಒಪ್ಪಿಸ್ತಿದ್ದೆ... 'ಕಂಪನಿ ಪ್ಯಾಡು ಪೇಟೆಯಲ್ಲಿ ಓಡಾಡೋಕೆ ಸರಿ. ರೇಸಲ್ಲಿ ನಾಲ್ಕು ಸುತ್ತು ಹೊಡೆದ್ರೆ ಕಾದು ಹಿಡಿತ ಬಿಡುತ್ತೆ. ನನ್ನದು ಕಾದಷ್ಟೂ ಹಿಡಿಯುತ್ತೆ.' ಹಿಡೀತಲ್ಲಪ್ಪಾ, ಹಿಡೀತಲ್ಲ! ಗೋಡೆ ಹಿಡೀತು!

ನಗ್ತಿದೀಯಾ? ...ಅಲ್ವಾ? ಮತ್ತೆ ತುಟಿ ಯಾಕೆ ಹಾಗೆ ಮಾಡ್ತೀಯ... ಓ, ಅಳು. ಅಳು, ಅಳು.

ಇನ್ನು ಆ ಶಬ್ದ! ಅಬ್ಬಬ್ಬಾ! ನಿನ್ನ ಪ್ಯಾಡು ಕಾಯೋ ತನಕ ಕಿರ್ರ್... ಕಿರ್ರ್... ಗೇಟಲ್ಲಿ ನಿಲ್ಸಿದ್ರೆ ಹಂದಿ ಕೊಯ್ದ ಹಾಗೆ. ಪಕ್ಕದ ಮನೆ ಟೀಚರಮ್ಮ ಕಿಟಕಿ ತೆಗೆದು ಬೈತಿದ್ದದ್ದು ನನಗೆ, ನಿನಗಲ್ಲ. ನೀನೋ, ಹಲ್ಲು ಕಿರಿದು ನಿಂತಿರ್ತಿದ್ದೆ. 'ತಣ್ಣಗಿದ್ದಾಗ ಕೂಗದಿದ್ರೆ ಅದು ನನ್ನ ಪ್ಯಾಡೇ ಅಲ್ಲ' ಅಂತ. ಗಿರಾಕಿಗಳೂ ಅದಕ್ಕೇ ಮರುಳು. ಬಂದವರೆಲ್ಲ 'ಅಳಿಯಂದ್ರು ಇದಾರಾ?' ನಮ್ಮಪ್ಪ ಕಟ್ಟಿದ ಗ್ಯಾರೇಜಯ್ಯಾ ಇದು! ನಾನು ಇಲ್ಲೇ ನಟ್ಟು ಬೋಲ್ಟು ಹೆಕ್ತಾ ಬೆಳೆದೋನು. ನನ್ನ ಕೇಳೋರು ಗತಿಯಿಲ್ಲ! ನನ್ನ ತಂಗೀನೂ ಅಷ್ಟೇ. ಗೆದ್ದಾಗೆಲ್ಲ 'ನಮ್ಮ ಯಜಮಾನ್ರ ಬ್ರೇಕು, ನಮ್ಮ ಯಜಮಾನ್ರ ಬ್ರೇಕು'... ಅಣ್ಣ ಬಿಚ್ಚಿ ಜೋಡಿಸಿದ ಇಂಜಿನ್ನೇ ಇಲ್ಲ ಆ ಗಾಡೀಲಿ! ಬರೀ ಬ್ರೇಕ್ ಒತ್ತೇ ಗೆಲ್ತಾಳೆ!

...ಆಸ್ಪತ್ರೆಯಲ್ಲಿ ನನ್ನ ಕೈ ಹಿಡ್ಕೊಂಡಿದ್ಲು. 'ಪೆಡಲ್ ಗಟ್ಟಿಯಾಗೇ ಇತ್ತು ಅಣ್ಣಾ. ಒತ್ತಿದೆ, ಜೀವ ಬಿಟ್ಟು ಒತ್ತಿದೆ. ಗಾಡಿ ನಿಲ್ಲಲೇ ಇಲ್ಲ' ಅಂದ್ಲು. ಆ ಪಾದ ಇನ್ನು ಮೊದಲಿನ ಹಾಗೆ ಮಡಚಲ್ವಂತೆ. ಪೆಡಲ್ ಒತ್ತೋ ಕಾಲು.

ಅವತ್ತು ಬೆಳಗ್ಗೆ ಎಷ್ಟು ಚೆನ್ನಾಗಿ ಹೊರಟಿದ್ಲು! ನೀನು ಮುಂಚೇನೇ ಟ್ರ್ಯಾಕಿಗೆ ಹೋಗಿದ್ದೆ, ನಾನೇ ಗೇಟ್ ತೆಗೆದಿದ್ದು. ಶೆಡ್ಡಿಂದ ಬಂದು ನಿಲ್ಸಿದ್ಲು. 'ಅಣ್ಣಾ, ಬರ್ತೀನಿ' ಅಂದ್ಲು. ಮೆಲ್ಲಗೆ ಅಂದ್ರೂ ಎಷ್ಟು ಸ್ಪಷ್ಟವಾಗಿ ಕೇಳಿಸ್ತು! ಗಾಡಿ ಬೆಣ್ಣೆ ಹಾಗೆ ನಿಲ್ತು. ಟೀಚರಮ್ಮ ಕಿಟಕಿ ಕೂಡ ತೆಗೀಲಿಲ್ಲ...

...ಯಾಕೆ ಕೈ ನಿಲ್ಲಿಸ್ದೆ?

ಏನಾಯ್ತು? ಅವತ್ತು ಚಳಿ ಇರ್ಲಿಲ್ಲ. ಶೆಡ್ಡಿಂದ ಗೇಟಿಗೆ ಬರೋಷ್ಟರಲ್ಲಿ ಕಾದಿತ್ತೇನೋ... ಕಾಯಲ್ವಾ? ಗ್ರೀಸು! ಹಾಂ, ಗ್ರೀಸು. ಪ್ಯಾಡಿನ ಬೆನ್ನಿಗೆ ಒಂಚೂರು ಗ್ರೀಸ್ ಹಚ್ಚಿದ್ದೆ. 'ಶಬ್ದಾನೇ ಇಲ್ವಲ್ಲ ಅಣ್ಣಾ' ಅಂದ್ಲು. ಅವಳಿಗೂ ಹಾಗೇ ಹೇಳ್ದೆ... ಅಂದ್ರೆ, ಇದ್ದದ್ದನ್ನೇ ಹೇಳ್ದೆ!

ಏಯ್, ಪ್ಯಾಡ್ ಯಾಕೆ ಎಳೀತೀಯ? ಸುಟ್ಟು ಕರಕಲಾಗಿದೆ, ಬಣ್ಣ ಗಿಣ್ಣ ಎಲ್ಲಾ ಹೋಗಿರುತ್ತೆ. ಒರೆಸ್ಬೇಡ. ಒರೆಸ್ಬೇಡ ಅಂದೆ!

...ಕಂಪನಿ ನಂಬರಾ? ಅದು ಎಲ್ಲಾ ಪ್ಯಾಡ್ ಮೇಲೂ ಇರುತ್ತೆ. ನಿನ್ನದರ ಮೇಲೆ ಇರಲ್ವಾ? ಇಷ್ಟೊತ್ತೂ ಬೈದೆ ನಿನಗೆ... ನೀನೂ ಬೈಯಿ. ಎದ್ದು ಕಪಾಳಕ್ಕೆ ಹೊಡಿ. ಅದನ್ನ ಅಂಗೈಯಲ್ಲಿ ಇಟ್ಕೊಂಡು ಒರೆಸ್ತಾನೇ ಇರ್ಬೇಡ.

ನಿಮ್ಮ ಕಿತ್ತಳೆ ಪ್ಯಾಡು ಜೋಪಾನವಾಗಿದೆ. ನನ್ನ ಡ್ರಾಯರಲ್ಲಿ... ಕಂಪನೀದು ಹಾಕಿ, ಅದನ್ನ ಬಟ್ಟೆ ಸುತ್ತಿ ಇಟ್ಟಿದೀನಿ.

ಅವಳು ಗೆದ್ದು ಬಂದು, ಎಲ್ಲರ ಮುಂದೆ 'ನಮ್ಮ ಯಜಮಾನ್ರ ಬ್ರೇಕು' ಅಂತಾಳಲ್ಲ... ಆಗ ಹೇಳೋಣ ಅಂತಿದ್ದೆ, ಭಾವ. ನಗ್ತಾ ಹೇಳೋಣ ಅಂತಿದ್ದೆ.