ಅಂಚು ಕತ್ತರಿಸದ ಸಂಪುಟ

ಬೈಂಡಿಂಗ್ ಅಂಗಡಿಯಲ್ಲಿ ನನ್ನ ಸರದಿಗೆ ಕಾಯುತ್ತಿದ್ದೆ. ನನ್ನ ಮುಂದಿದ್ದ ಹೆಂಗಸು ಚರ್ಮದ ರಟ್ಟಿನ, ಚಿನ್ನದ ಅಕ್ಷರದ ಪುಸ್ತಕವೊಂದನ್ನು ಮೇಜಿನ ಮೇಲಿಟ್ಟರು. ಬೈಂಡರ್ ತಕ್ಷಣ ಗುರುತಿಸಿದ.

“ಮಧ್ಯಯುಗದ ದಂತಕಥೆಗಳು, ಹನ್ನೆರಡನೇ ಸಂಪುಟ, ಕೊನೇದು. ಅಂಚು ಕತ್ತರಿಸೋದು ಬೇಡ ಅಂದಿದ್ರು ನಿಮ್ಮ ಯಜಮಾನ್ರು. ಹಾಳೆಗಳ ಮಡಿಕೆ ಹಾಗೇ ಬಿಟ್ಟು ಕಟ್ಟಿದ್ದೆ, ಓದ್ಬೇಕಂದ್ರೆ ಒಂದೊಂದೇ ಮಡಿಕೆ ಸೀಳ್ಬೇಕು. ಈಗ ಯಾರಮ್ಮ ಸೀಳಿದ್ದು?”

“ಅವರೇ.”

“ಅವರು ಹೋಗಿ ವರ್ಷ ಆಯ್ತಲ್ಲ.”

“ಇದ್ದಾಗ ಬರೀ ಕೂಡಿಟ್ಟಿದ್ದೇ ಆಯ್ತು, ಓದೋಕೆ ಪುರುಸೊತ್ತೇ ಇರ್ಲಿಲ್ಲ. ಈಗ ದಿನಾ ಬೆಳಿಗ್ಗೆ ನೋಡಿದ್ರೆ ಎಂಟೆಂಟು ಪುಟದ ಮಡಿಕೆ ಸೀಳಿರುತ್ತೆ. ಮೊದಲನೇ ಸಂಪುಟದಿಂದ ಸಾಲಾಗಿ.”

“ಮನೇಲಿ ಬೇರೆ ಯಾರಾದ್ರೂ...”

“ನಾನೊಬ್ಳೇ. ಕಪಾಟಿನ ಬೀಗದ ಕೈ ನನ್ನ ದಿಂಬಿನ ಕೆಳಗೇ ಇರುತ್ತೆ.”

ಅವನು ಕೊನೆಯ ಹಾಳೆಗಳನ್ನು ಮುಟ್ಟಿ ನೋಡಿದ.

“ಇನ್ನು ಎಂಟೇ ಪುಟ. ಈಗ್ಲೇ ಸೀಳಿ ಕೊಡ್ತೀನಿ ತಾಯಿ, ಆ ಕಾಟ ಇಲ್ಲಿಗೇ ಮುಗೀಲಿ.”

ಚಾಕು ತೆಗೆದ. ಆಕೆ ಪುಸ್ತಕದ ಮೇಲೆ ಕೈಯಿಟ್ಟರು.

“ಮುಟ್ಬೇಡಿ. ಹದಿಮೂರನೇ ಸಂಪುಟ ಕಟ್ಟಿಕೊಡಿ. ಖಾಲಿ ಹಾಳೆಯಾದ್ರೂ ಸರಿ, ಅಂಚು ಮಾತ್ರ ಕತ್ತರಿಸ್ಬೇಡಿ. ನಾಳೆ ಸಂಜೆಯೊಳಗೆ ಬೇಕು.”

ಪುಸ್ತಕವನ್ನು ಎದೆಗವಚಿಕೊಂಡು ಹೊರಟುಹೋದರು. ಅವನು ನನ್ನತ್ತ ನೋಡಲೂ ಇಲ್ಲ. ಬಿಳಿ ಹಾಳೆಗಳ ಕಟ್ಟು ಎಳೆದುಕೊಂಡು ಒಂದೊಂದಾಗಿ ಮಡಚತೊಡಗಿದ.