ಬೇಕರಿಯವನು ಮರೆತಿರಬೇಕು

ಇಲ್ಲ, ಇಲ್ಲ, ಇಲ್ಲ! ಅದು ನಾನಲ್ಲ. ಇನ್ನೊಂದು ಸಲ ಹಾಗಂದರೆ ಈ ಚಾಕು ಕೆಳಗಿಟ್ಟುಬಿಡ್ತೀನಿ, ಮೂವರು ರಾಜರ ಹಬ್ಬದ ಈ ಕೇಕನ್ನು ನೀವೇ ಕೊಯ್ದುಕೊಳ್ಳಿ, ಲೆರ್ಬಿಯೆಯವರೇ. ನಿನ್ನೆ ನೋಡಿದ ಸಿನಿಮಾದ ಹೆಂಗಸು ಕೋಟಿನ ಗುಂಡಿ ಕತ್ತಿನವರೆಗೂ ಹಾಕ್ತಾಳೆ, ನಾನೂ ಹಾಕ್ತೀನಿ. ಅಷ್ಟಕ್ಕೇ ಅವಳು ನಾನಾಗಿಬಿಟ್ಟಳಾ? ಜನವರಿ ತಿಂಗಳು! ನದಿ ಕಡೆಯಿಂದ ಮಂಜು ನುಗ್ತಿದೆ! ಗುಂಡಿ ಹಾಕದೆ ಇನ್ನೇನು ಮಾಡಬೇಕು?

ನಗಬೇಡಿ. ತುಟಿ ಅಲುಗಿಸದೆ ನಗ್ತೀರಿ, ನನಗೆ ಗೊತ್ತಾಗಲ್ಲ ಅಂದುಕೊಂಡಿದೀರಿ. ನಿಮ್ಮ ಕಿವಿ ಕೆಂಪಾಗುತ್ತೆ.

ಇದೆಲ್ಲ ಆ ಔಷಧಿ ಅಂಗಡಿಯ ಪೆರೋತೆಂ ಮಾಡಿದ್ದು. ನಿನ್ನೆ ನಮ್ಮ ಹಿಂದಿನ ಸಾಲಲ್ಲೇ ಕೂತಿದ್ದಳಲ್ಲ... ಅವಳ ಬಾಯಿಗೆ ಬಾಗಿಲೂ ಇಲ್ಲ, ಚಿಲಕವೂ ಇಲ್ಲ. "ಅಯ್ಯೋ, ನೋಡ್ರೀ, ಥೇಟ್ ನಮ್ಮ ಒದೀಲ್!" ಅಂತ ಇಡೀ ಸಾಲಿಗೆ ಕೇಳಿಸೋ ಹಾಗೆ! ನಾನು ತಿರುಗಿ ನೋಡಿದೆನಾ? ನೋಡಲಿಲ್ಲ. ಕಾನ್ವೆಂಟಿನಲ್ಲಿ ಓದಿದವಳು ಸಿನಿಮಾ ಮಂದಿರದಲ್ಲಿ ಕತ್ತು ತಿರುಗಿಸಲ್ಲ.

ಏನು? ನಕ್ಕೆನಾ? ನಾನಾ? ಒಂದು ಸಲ... ಅದು ಕೆಮ್ಮು. ಕಣ್ಣೊರೆಸಿಕೊಂಡದ್ದೂ ನೋಡಿಬಿಟ್ಟಿರಾ! ದೇವರೇ, ಈ ಮನುಷ್ಯ ಪರದೆ ನೋಡಿದ್ದು ಯಾವಾಗ? ಕನ್ನಡಕದ ಮೇಲೆ ಹಬೆ ಕೂತಿತ್ತು ಸ್ವಾಮೀ. ಹಬೆ.

ತಟ್ಟೆ ಹತ್ತಿರ ತನ್ನಿ. ನಾವಿಬ್ಬರು, ಹೋಳು ಮೂರು. ಹೌದು, ಮೂರೇ. ಮೂರನೆಯದು ಬಡವರ ಪಾಲು, ಯಾರಾದರೂ ಬಾಗಿಲು ತಟ್ಟಿದರೆ ಅವರಿಗೆ. ತವರುಮನೆಯಲ್ಲಿ ನಮ್ಮ ತಾಯಿ ಇಡ್ತಿದ್ದರು, ಈ ಮನೆಯಲ್ಲಿ ನಾನು ಇಡ್ತೀನಿ. ಯಾರೂ ಬರಲ್ಲ, ಅದು ಬೇರೆ ಮಾತು. ನಮ್ಮ ಯಜಮಾನರು ಅರ್ಸೇನ್ ಇದ್ದಾಗ ಬೆಳಗಾಗೋದರೊಳಗೆ ಅದು ಮಾಯವಾಗಿರ್ತಿತ್ತು, ಅವರ ಮೀಸೆಯಲ್ಲಿ ಬಾದಾಮಿ ಹೂರಣ.

ಈಗ ಯಾವ ಹೋಳು ಯಾರಿಗೆ? ಕ್ರಮ ಗೊತ್ತಲ್ಲ? ಮನೆಯಲ್ಲಿ ಎಲ್ಲರಿಗಿಂತ ಚಿಕ್ಕವರು ಮೇಜಿನ ಕೆಳಗೆ ಹೋಗಿ ಕೂತು, ಕಣ್ಣಿಗೆ ಕಾಣದ ಹಾಗೆ, ಇದು ಇಂಥವರಿಗೆ, ಇದು ಇಂಥವರಿಗೆ ಅಂತ ಕೂಗಬೇಕು... ಯಾಕೆ ನನ್ನನ್ನ ನೋಡ್ತೀರಿ? ನಾನು ಚಿಕ್ಕವಳಾ? ಹೌದು, ನಿಮಗಿಂತ ಚಿಕ್ಕವಳು. ಅದಕ್ಕೆ ಈ ಮಂಡಿ ಇಟ್ಟುಕೊಂಡು ಮೇಜಿನ ಕೆಳಗೆ ತೂರಬೇಕಾ? ಆ ಸಿನಿಮಾದಲ್ಲಿ ಅರವತ್ತು ದಾಟಿದ ಗಂಡಸು, ಊರಿಗೆ ರೊಟ್ಟಿ ಸುಡೋ ಬೇಕರಿಯವನು, ಮೇಜಿನ ಬಟ್ಟೆ ಎತ್ತಿಕೊಂಡು ಒಳಗೆ ಹೋಗ್ತಾನೆ. ಹೋದವನು ಆ ಹೆಂಗಸು ಬ್ಲಾಂದೀನಳ ಬೂಟು ನೋಡ್ತಾ ಕೂತುಬಿಡ್ತಾನೆ! ಅಲ್ಲಿ ಜನ ನಕ್ಕರು. ನಾನು ನಗಲಿಲ್ಲ.

ನಾನು ಬೆನ್ನು ತಿರುಗಿಸ್ತೀನಿ. ಅಷ್ಟು ಸಾಕು. ನೀವು ಚಾಕು ತುದಿಯಿಂದ ಮುಟ್ಟಿ. ಮುಟ್ಟಿದಿರಾ? ಅದು... ನಿಮಗೆ. ಮುಂದಿನದು? ಬಡವರಿಗೆ. ಉಳಿದದ್ದು ನನಗೆ. ಸರಿ. ತಿನ್ನಿ. ಜೋಪಾನ, ಒಳಗೆ ಪಿಂಗಾಣಿ ಗೊಂಬೆ ಇದೆ, ಕಾಳಿನಷ್ಟು ಚಿಕ್ಕದು, ಮುಂಭಾಗದ ಹಲ್ಲಿಗೆ ಸಿಕ್ಕರೆ ಹಲ್ಲೇ ಹೋಗುತ್ತೆ.

ನಿಮಗೆ ಸಿಕ್ಕರೆ ಯಾರನ್ನ ರಾಣಿ ಮಾಡ್ತೀರಿ ಅಂತ ನಾನು ಕೇಳಲಿಲ್ಲ. ಕೇಳೋದೂ ಇಲ್ಲ, ನೀವು ಹೇಳೋದೂ ಬೇಡ. ಅದು ಮಕ್ಕಳ ಆಟ. ಯಾರ ಹೋಳಲ್ಲಿ ಗೊಂಬೆ ಬಂತೋ ಅವರು ಆ ಕಾಗದದ ಕಿರೀಟ ಎತ್ತಿಕೊಂಡು, ಎಲ್ಲರ ಎದುರಿಗೆ, ತಮಗೆ ಬೇಕಾದವರ ತಲೆ ಮೇಲೆ ಇಡಬೇಕು... ಮಕ್ಕಳ ಆಟ. ಈ ಮನೆಯಲ್ಲಿ ಗೊಂಬೆ ಪ್ರತಿ ವರ್ಷ ಅರ್ಸೇನ್‌ಗೇ ಬರ್ತಿತ್ತು, ಹೇಗೋ ಏನೋ. ಪ್ರತಿ ವರ್ಷ ಅವರು ಕಿರೀಟ ಇಟ್ಟದ್ದು ಅವರಮ್ಮನ ತಲೆ ಮೇಲೆ. ಅತ್ತೆ ತೀರಿಕೊಂಡ ಮೇಲೆ? "ಈಗ ಯಾಕೆ ಬಿಡು ಇದೆಲ್ಲ" ಅಂದರು. ಕೇಕು ತರೋದೇ ನಿಲ್ಲಿಸಿದರು.

ನಾನು ದೂರು ಹೇಳ್ತಿಲ್ಲ. ವಿಷಯ ಹೇಳಿದೆ.

ಕಾನ್ವೆಂಟಿನಲ್ಲಿ ಒಂದು ಸಲ ನನಗೇ ಬಂದಿತ್ತು ಗೊಂಬೆ. ರಾಜನನ್ನ ಆರಿಸಬೇಕಲ್ಲ, ಇಡೀ ಊಟದ ಮನೆಯಲ್ಲಿ ಬರೀ ಹುಡುಗಿಯರು! ಸಿಸ್ಟರ್ ಅಲ್ದೆಗೋಂದ್ ನನ್ನ ಕೈ ಹಿಡಿದು ಕರಕೊಂಡು ಹೋಗಿ ಕಿರೀಟವನ್ನ ಸಂತ ಜೋಸೆಫರ ಪ್ರತಿಮೆಗೆ ಹಾಕಿಸಿದರು. ಸುಣ್ಣದ ಪ್ರತಿಮೆ. ಮೂಗಿನ ತುದಿ ಕಿತ್ತುಹೋಗಿತ್ತು. ನೋಡಿ, ಈಗ ನಿಜವಾಗಿ ನಗ್ತಿದೀರಿ! ನಗಿ, ನಗಿ. ನನ್ನ ಜೀವಮಾನದ ರಾಜ ಅವರೊಬ್ಬರೇ, ಮರುಮಾತಾಡದ ಗಂಡಸು.

ನಿಮ್ಮ ಹಾಗೆ. ಪಿಯಾನೊ ಸ್ವರ ಕೂಡಿಸೋ ಕಸುಬಿನವರು ಮಾತೇ ಆಡಲ್ವಾ? ತಂತಿ ಬಿಗಿ ಮಾಡೋದು, ಕಿವಿ ಕೊಡೋದು, ಮತ್ತೆ ಬಿಗಿ ಮಾಡೋದು... ನನ್ನ ಎದುರಿಗೆ ಹಾಗೆ ತಲೆ ವಾಲಿಸಿಕೊಂಡು ಕೂರಬೇಡಿ. ನಾನು ಪಿಯಾನೊ ಅಲ್ಲ.

ಮಾತಾಡಬೇಕಾದಾಗ ಮಾತ್ರ ಆಡಲ್ಲ, ಬೇಡದ ಜಾಗದಲ್ಲಿ ಆಡ್ತೀರಿ. ನಿನ್ನೆ ಸಿನಿಮಾ ಬಿಟ್ಟಾಗ ಬಾಗಿಲ ಹತ್ತಿರ, ಕೈಗವಸು ಹಾಕಿಕೊಳ್ತಾ, ಹವಾಮಾನದ ವಿಷಯ ಅನ್ನೋ ಹಾಗೆ: "ಯಾರಾದರೂ ಇರು ಅಂದರೆ ಇರ್ತೀನಿ, ಒದೀಲ್." ಸುತ್ತ ಜನ! ಪೆರೋತೆಂ ಕಿವಿ ನಿಗುರಿಸಿಕೊಂಡು ನಿಂತಿದ್ದಾಳೆ! ನಾನು ಏನಂದೆ? "ಗಾಳಿ ಬರ್ತಿದೆ, ಬಾಗಿಲು ಹಾಕಿ" ಅಂದೆ. ಸರಿಯಾಗೇ ಅಂದೆ. ಗಾಳಿ ಬರ್ತಿತ್ತು.

ಇರು ಅನ್ನೋಕೆ ನಾನು ಯಾರು? ನಿಮ್ಮ ಮಗಳು ಕ್ಲೋತಿಲ್ದ್ ನಿಮ್ಮನ್ನ ಕರಕೊಂಡು ಹೋಗೋಕೆ ಅಷ್ಟು ದೂರ ಆನ್ಸಿಯಿಂದ ಕಾರು ತರ್ತಿದ್ದಾಳೆ. ಮಹಡಿ ಕೋಣೆಯಿಂದ ಇಳಿಸಿದ ನಿಮ್ಮ ಪೆಟ್ಟಿಗೆಗಳು ನನ್ನ ಹಜಾರದಲ್ಲೇ ಕೂತಿವೆ, ನೆಲ ಒರೆಸೋಕೂ ಆಗದ ಹಾಗೆ. ಅಲ್ಲಿ ಸರೋವರ ಇದೆ, ಮೊಮ್ಮಕ್ಕಳಿದ್ದಾರೆ. ಒಳ್ಳೇದು. ಹೋಗೋದೇ ಸರಿ. ಹೋದವರು ಮತ್ತೆ ಬರಲ್ಲ ಅನ್ನೋದೂ ಗೊತ್ತು... ಸೇಬಿನ ಸೈಡರ್ ಹಾಕಲಾ? ಬೇಡವಾ? ನನಗೆ ಹಾಕಿ.

ಮತ್ತೆ ಆ ಹೆಂಗಸು! ಅವಳನ್ನೇ ಯಾಕೆ ಕೆದಕ್ತೀರಿ? ಸರಿ, ಕೇಳಿ, ಒಂದೇ ಸಲ ಹೇಳಿ ಮುಗಿಸ್ತೀನಿ. ಅವಳು ಮಾಡಿದ್ದು ಮೂರ್ಖತನ. ಬಾಯಲ್ಲಿ ಗೊಂಬೆ ಸಿಕ್ಕಿದೆ. ಪಕ್ಕದಲ್ಲೇ ಅವನು, ಬೇಕರಿಯವನು, ಸಮುದ್ರದ ಊರಿಗೆ ಹೊರಟು ನಿಂತವನು. ಹೊರಗೆ ತೆಗೆದರೆ ಅವನಿಗೆ ಕಿರೀಟ ಇಡಬೇಕು, ಇಟ್ಟರೆ ಊರಿಗೆಲ್ಲ ಗೊತ್ತಾಗುತ್ತೆ. ಅದಕ್ಕೆ ದವಡೆಯಲ್ಲಿ ಒತ್ತಿಟ್ಟುಕೊಂಡು, ಮುಖ ಗಂಟು ಹಾಕಿಕೊಂಡು, "ಬೇಕರಿಯವನು ಮರೆತಿರಬೇಕು" ಅಂತಾಳೆ! ಅವನ ಎದುರಿಗೇ! ತನ್ನ ಕೈಯಾರೆ ಹಿಟ್ಟಿನೊಳಗೆ ಗೊಂಬೆ ಹುದುಗಿಸಿದ ಮನುಷ್ಯನ ಎದುರಿಗೆ! ಆಮೇಲೆ? ನುಂಗಿಬಿಡ್ತಾಳೆ! ಪಿಂಗಾಣಿಯನ್ನ! ನುಂಗಿ, ಮುಂಗೈಯಲ್ಲಿ ಬಾಯಿ ಒರೆಸಿಕೊಳ್ತಾಳೆ, ಮಡಿಲಲ್ಲಿ ಗಂಜಿ ಹಾಕಿದ ಕೈವಸ್ತ್ರ ಇದ್ದ ಹಾಗೇ! ಅವಳು ಶಾಲೆಯ ಮುಖ್ಯೋಪಾಧ್ಯಾಯಿನಿ ಅಂತೆ. ಯಾವ ಶಾಲೆ? ನಮಗೆ ಸಿಸ್ಟರ್ ಹೇಳಿಕೊಟ್ಟಿದ್ದರು, ಮೀನಿನ ಮುಳ್ಳೋ ಆಲಿವ್ ಬೀಜವೋ ಬಾಯಿಗೆ ಸಿಕ್ಕರೆ ಕೈವಸ್ತ್ರವನ್ನ ತುಟಿಗೆ ಒತ್ತಿ, ಪಕ್ಕದವರಿಗೂ ಗೊತ್ತಾಗದ ಹಾಗೆ ತೆಗೆದು ಮಡಿಸಿಬಿಡಬೇಕು. ನಾನಾಗಿದ್ದರೆ...

ಏನು? ನಾನಾಗಿದ್ದರೆ ಅಂತ ಅಂದೆನಾ? ಮಾತಿಗೆ ಅಂದೆ! ಮಾತಿಗೆ ಹೇಳಿದ್ದನ್ನೆಲ್ಲ ಹಿಡಿದುಕೊಂಡರೆ ಹೇಗೆ?

ತಪ್ಪು ಅವನದೂ ಇದೆ. ಗೊಂಬೆ ಒಳಗಿದೆ ಅಂತ ಅವನಿಗೆ ಗೊತ್ತು. ಅವಳ ಬಾಯಲ್ಲೇ ಇದೆ ಅಂತಲೂ ಗೊತ್ತಾಗಿದೆ. ಕೇಳಬಹುದಿತ್ತಲ್ಲ? ಒಂದು ಮಾತು! ಕೇಳಲಿಲ್ಲ. ಇವಳಿಗೆ ನಾನು ಬೇಡ ಅಂದುಕೊಂಡು, ಟೋಪಿ ಎತ್ತಿಕೊಂಡು ಹೊರಟುಬಿಟ್ಟ. ಅಭಿಮಾನವಂತೆ! ಎದುರಿಗಿರೋ ಹೆಂಗಸಿಗೆ ಉಸಿರೇ ಹೊರಡ್ತಿಲ್ಲ, ಇವನಿಗೆ ಅಭಿ...

ಅಭಿಮಾನ.

ಏನಿಲ್ಲ. ಬಾದಾಮಿ ಸಿಪ್ಪೆ... ನೆತ್ತಿಗೆ ಹತ್ತಿತು. ನೀರು ಬೇಡ, ಕೂತುಕೊಳ್ಳಿ. ಬೆನ್ನು ತಟ್ಟೋದು ಬೇಡ! ಒಂದು ನಿಮಿಷ. ಆ ಕಡೆ ನೋಡಿ ಸ್ವಲ್ಪ, ಹೆಂಗಸರು ಕೆಮ್ಮುವಾಗ ನೋಡಬಾರದು... ಹಾ. ಹೋಯ್ತು. ಸರಿಹೋಯ್ತು.

ಏನು ಹೇಳ್ತಿದ್ದೆ? ಹಾ, ಆ ಕೊನೆಯ ಓಟ. ಮನೆಯ ಚಪ್ಪಲಿಯಲ್ಲೇ, ಕೈಯಲ್ಲಿ ಕಾಗದದ ಕಿರೀಟ ಹಿಡಿದುಕೊಂಡು ರೈಲ್ವೆ ನಿಲ್ದಾಣಕ್ಕೆ ಓಡ್ತಾಳೆ. ಈ ಸಿನಿಮಾಗಳಲ್ಲಿ ಹೆಂಗಸರು ಯಾಕೆ ಯಾವಾಗಲೂ ನಿಲ್ದಾಣಕ್ಕೇ ಓಡಬೇಕು? ನಮ್ಮೂರಿನಲ್ಲಿ ಓಡಿ ತೋರಿಸಲಿ! ಗುಡ್ಡದ ಇಳಿಜಾರು, ಕಲ್ಲುಹಾಸು, ಮೇಲೆ ಮಂಜಿಗೆ ನೆನೆದ ಪಾಚಿ. ನಾನಂತೂ ಓಡೋಳಲ್ಲ. ಮೊದಲೇ ಹೇಳಿಬಿಡ್ತೀನಿ. ನಿಮಗೆ ಕಾರು, ರೈಲೂ ಅಲ್ಲ. ಕಾರಿನ ಹಿಂದೆ ಯಾರು ಓಡ್ತಾರೆ, ನಾಯಿಗಳು.

ನಿಮ್ಮದು ಮುಗೀತಾ? ಸಿಗಲಿಲ್ಲವಾ? ಪೂರ್ತಿ ತಿಂದಿರಾ, ಅಂಚು ಸಮೇತ? ಪಾಪ. ಗಾಸ್ಪಾರ್ ಅಂತ, ಶಿಶು ಯೇಸುವನ್ನ ನೋಡೋಕೆ ಬಂದ ಮೂವರು ರಾಜರಲ್ಲಿ ಒಬ್ಬನ ಹೆಸರಿಟ್ಟರು ನಿಮ್ಮ ತಾಯಿ, ಆದರೂ ಕಿರೀಟ ನಿಮ್ಮ ಕಡೆ ಬರಲಿಲ್ಲ.

ನನಗಾ? ಇಲ್ಲ. ನೋಡಿ, ತಟ್ಟೆ ಖಾಲಿ. ಏನೂ ಇಲ್ಲ.

ಅದು ಬಡವರ ಪಾಲು! ಅದನ್ನ ಮುಟ್ಟಬೇಡಿ, ಯಾರಾದರೂ ಬಂದರೆ... ಅಯ್ಯೋ, ಮುರಿದೇಬಿಟ್ಟಿರಾ! ಬೆರಳಲ್ಲಿ ಹಾಗೆ ಪುಡಿ ಮಾಡಬೇಡಿ, ಸಣ್ಣ ಮಕ್ಕಳ ಹಾಗೆ. ಹೂರಣವೆಲ್ಲ ಮೇಜಿನ ಬಟ್ಟೆಗೆ... ಅದರಲ್ಲೂ ಇಲ್ಲವಾ? ಇಲ್ಲ. ಹಾಗಾದರೆ...

ಹಾಗಾದರೆ ಬೇಕರಿಯವನು ಮರೆತಿರಬೇಕು.

ಯಾಕೆ ಹಾಗೆ ನೋಡ್ತೀರಿ? ಮರೆಯಬಾರದಾ? ಈಗಿನವರಿಗೆ ಕೆಲಸದ ಮೇಲೆ ಗಮನ ಎಲ್ಲಿ! ಯಾವುದೋ ಹುಡುಗಿ ಹಿಟ್ಟು ಮುಚ್ಚುವಾಗ ಫೋನು ನೋಡ್ತಿದ್ದಳೋ ಏನೋ... ಸಿನಿಮಾದಲ್ಲಿ ಆ ಮಾತು ಬಂತು ಅಂತ ನಿಜದಲ್ಲಿ ಯಾರೂ ಆಡಬಾರದಾ? ನಾಳೆ ನಾನೇ ಅಂಗಡಿಗೆ ಹೋಗಿ ಕೇಳ್ತೀನಿ. ಕೇಳೇ ಕೇಳ್ತೀನಿ.

ಅದು ಹಾರನ್ ತಾನೇ? ಕ್ಲೋತಿಲ್ದ್ ಬಂದಳು. ಬೀದಿಯವರೆಲ್ಲ ಎದ್ದು ನೋಡೋ ಹಾಗೆ ಹೊಡೀತಾಳೆ, ಇಳಿದು ಬಂದು ಗಂಟೆ ಒತ್ತೋಕೆ ಏನು ಕಷ್ಟ? ಏಳಿ, ಕೋಟು ಹಾಕಿಕೊಳ್ಳಿ. ತೋಳು ಒಳಗೆ ಮಡಚಿಕೊಂಡಿದೆ ನೋಡಿ, ಇನ್ನೊಂದು ಕಡೆಯಿಂದ... ನಾನು ಹಿಡಿಯಲ್ಲ, ನನ್ನ ಕೈಗೆ ಬಿಡುವಿಲ್ಲ. ಟೋಪಿ ಅಲ್ಲಿದೆ. ಶಾಲು ಕತ್ತಿಗೆ ಎರಡು ಸುತ್ತು ಹಾಕಿಕೊಳ್ಳಿ, ಬೆಟ್ಟದ ಊರಿನ ಚಳಿ ಇಲ್ಲಿನ ಹಾಗಲ್ಲ. ಅಲ್ಲಿ ಯಾರಾದರೂ ನೆನಪು ಮಾಡ್ತಾರೋ ಇಲ್ಲವೋ... ಮಾಡ್ತಾರೆ, ಮಗಳಿದ್ದಾಳಲ್ಲ.

ಏನು? ನನ್ನ ಗಲ್ಲದ ಮೇಲಾ? ಚೂರು ಅಂಟಿದೆಯಾ? ಈ ಕಡೆ? ಹೋಯ್ತಾ ಈಗ?

...

ಯಾಕೆ ನಿಂತುಬಿಟ್ಟಿರಿ?

ಮುಂಗೈಯಲ್ಲಿ ಒರೆಸಿಕೊಂಡರೆ ಏನಾಯ್ತು? ಒಂದು ಸಲ! ಒಂದೇ ಒಂದು ಸಲ ಮನುಷ್ಯರು... ಇನ್ನೊಂದು ಕೈಯಲ್ಲಿ ಏನಿದೆ ಅಂತ ಕಣ್ಣಿಗೆ ಕಾಣಲ್ವಾ? ಕೈವಸ್ತ್ರ. ಹೌದು, ಮುದುರಿ ಹಿಡಿದುಕೊಂಡಿದೀನಿ. ನನ್ನ ಕೈವಸ್ತ್ರ, ನನ್ನ ಮುಷ್ಟಿ. ಗಂಜಿ ಹಾಕಿ, ಇಸ್ತ್ರಿ ಮಾಡಿ, ಗರಿಗರಿಯಾಗಿ ಮಡಿಸಿ ಇಟ್ಟಿದ್ದನ್ನ ನಾನೇ ಮುದ್ದೆ ಮಾಡಿದೀನಿ, ಅದರಿಂದ ನಿಮಗೇನು?

ಮಾತಾಡಿ.

ಮತ್ತೆ ಹಾರನ್. ನಿಮ್ಮನ್ನೇ ಕರೀತಿದ್ದಾಳೆ. ಹೋಗಿ ಅಂದೆ... ಹೋಗಿ ಅನ್ನಲಿಲ್ಲ. ಕರೀತಿದ್ದಾಳೆ ಅಂದೆ. ಗಾಸ್ಪಾರ್, ಏನಾದರೂ ಹೇಳಬಾರದಾ! ತೆಗಿ ಅನ್ನಿ, ತೋರಿಸು ಅನ್ನಿ, ಸುಳ್ಳಿ ಅಂತ ಬಯ್ಯಿರಿ! ಬಾಗಿಲ ಹಿಡಿ ಹಿಡಿದುಕೊಂಡು, ತಲೆ ವಾಲಿಸಿಕೊಂಡು, ಯಾವ ತಂತಿ ಸಡಿಲ ಅಂತ ಕೇಳಿಸಿಕೊಳ್ಳೋ ಹಾಗೆ... ನಾನು ಹೇಳಿದೆನಲ್ಲ, ನಾನು ಓಡೋಳಲ್ಲ. ಈ ಮಂಡಿಗೆ ಆಗಲ್ಲ. ನೀವು ಹೊಸ್ತಿಲು ದಾಟಿದರೆ ನನ್ನಿಂದ ಆಗಲ್ಲ, ಗಾಸ್ಪಾರ್, ನಿಜವಾಗಿ ಆಗಲ್ಲ.

ತಗೊಳ್ಳಿ. ನೋಡಿ. ನೋಡಿಬಿಡಿ!

ಕೋಳಿ. ನೀಲಿ ಕೋಳಿ. ಬಾಲ ಇಲ್ಲ. ಬಾಲ ನನ್ನ ಹಲ್ಲಿಗೆ ಸಿಕ್ಕಿ ಹೋಯ್ತು.

ನಗಬೇಡಿ... ನಗಬೇಡಿ ಅಂದೆ! ನೀವು ನಕ್ಕರೆ ನಾನು... ಇದು ಹಬೆ ಅಲ್ಲ, ಕನ್ನಡಕವೇ ಹಾಕಿಲ್ಲ ನಾನು.

ಟೋಪಿ ತೆಗೀರಿ. ಟೋಪಿಯ ಮೇಲೆ ಕಿರೀಟ ಕೂರುತ್ತಾ? ತಲೆ ಬಗ್ಗಿಸಿ. ಇನ್ನೂ ಸ್ವಲ್ಪ. ಸಂತ ಜೋಸೆಫರಿಗೆ ಹಾಕುವಾಗ ಕುರ್ಚಿ ಹತ್ತಿದ್ದೆ, ಈಗ ಹತ್ತೋಕಾಗಲ್ಲ. ಅಲುಗಾಡಬೇಡಿ, ಕಾಗದ, ಹರಿದುಹೋಗುತ್ತೆ. ಸ್ವಲ್ಪ ಓರೆ ಆಯ್ತು... ಇರಲಿ. ಓರೆಯಾಗೇ ಇರಲಿ.

ಹಾರನ್ ಹೊಡ್ಕೊಳ್ಳಲಿ ಬಿಡಿ. ಕಿಟಕಿ ತೆರೆದು ಅವಳನ್ನ ಒಳಗೆ ಕರೀರಿ, ಚಳಿಯಲ್ಲಿ ಬಂದಿದ್ದಾಳೆ. ಬಡವರ ಪಾಲನ್ನ ನೀವು ಪುಡಿ ಮಾಡಿಟ್ಟಿದೀರಿ, ಚಮಚದಲ್ಲಿ ತಿನ್ನಲಿ.

ಮೊದಲು ಆ ಬಾಗಿಲು ಹಾಕಿ, ಗಾಳಿ ಬರ್ತಿದೆ. ಅಲ್ಲಿಂದಲ್ಲ, ಗಾಸ್ಪಾರ್. ಒಳಗೆ ನಿಂತು ಹಾಕಿ.