ಪೆಟ್ಟಿಗೆಯೊಳಗೆ ಧೂಳು ಬಂದ ದಾರಿ

ಡಬ್ಬಿ ಅಕ್ಕ ಎಂದೇ ಕರೆಯಲ್ಪಡುವ ನಾನು, ವಯಸ್ಸು 51 ವರ್ಷ, ಉದ್ಯೋಗ ಸಿಮೆಂಟ್ ಕಾರ್ಖಾನೆಯಲ್ಲಿ ಕಂಪ್ಯೂಟರ್ ಪೆಟ್ಟಿಗೆಗಳ ಉಸ್ತುವಾರಿ, ವಾಸ ಕಾರ್ಖಾನೆಯ ವಸತಿಗೃಹ, ಎರಡನೇ ಸಾಲು, ಮನೆ ನಂ. 9, ಈ ದಿನ ಸಂಜೆ 4-30ಕ್ಕೆ ಯಾರೂ ಕರೆಯದೆ ನಾನಾಗಿಯೇ ಠಾಣೆಗೆ ಬಂದು ಈ ಮೂಲಕ ತಿಳಿಸುವುದೇನೆಂದರೆ:

ನಾನು ಹತ್ತೊಂಬತ್ತು ವರ್ಷಗಳಿಂದ ಇದೇ ಕೆಲಸದಲ್ಲಿದ್ದೇನೆ. ಸಿಮೆಂಟ್ ಧೂಳು ಹೊಕ್ಕರೆ ಕಂಪ್ಯೂಟರ್ ಕಾದು ಕೆಡುತ್ತದೆ. ಆದ್ದರಿಂದ ಅದನ್ನು ಉಕ್ಕಿನ ಪೆಟ್ಟಿಗೆಯಲ್ಲಿಟ್ಟು, ಬಾಗಿಲಿಗೆ ರಬ್ಬರ್ ಪಟ್ಟಿ ಕೂರಿಸಿ, ಗೋಡೆಯಾಚೆಯ ಶುದ್ಧ ಗಾಳಿಯನ್ನು ಫ್ಯಾನಿನಿಂದ ಪೈಪಿನಲ್ಲಿ ಒಳಕ್ಕೆ ತುಂಬುತ್ತೇವೆ. ಪೈಪಿನ ಹೊರಗಿನ ಬಾಯಿಗೆ ಬರೀ ಸೊಳ್ಳೆಜಾಲರಿ ಸಾಕು. ಒಳಗಿನ ಗಾಳಿ ಹೊರಕ್ಕೆ ತಳ್ಳುತ್ತಿರುವವರೆಗೆ ಧೂಳು ಹತ್ತಿರ ಸುಳಿಯದು. ಪೆಟ್ಟಿಗೆಯ ಕಿಂಡಿಗೆ ಕೆಂಪು ದಾರ ಕಟ್ಟಿರುತ್ತೇನೆ. ದಾರ ಹೊರಕ್ಕೆ ಹಾರಾಡಿದರೆ ಎಲ್ಲ ಸರಿ ಎಂದರ್ಥ. ಈ ಉಪಾಯ ನನ್ನದೇ, ಹೇಳಿಕೊಳ್ಳಲು ಸಂಕೋಚವಿಲ್ಲ.

ಈ ದಿನ ಬೆಳಿಗ್ಗೆ 8-15ಕ್ಕೆ ಚೀಲ ತುಂಬುವ ವಿಭಾಗದ ಪೆಟ್ಟಿಗೆ ನೋಡಿದೆ. ದಾರ ಹಾರಾಡುತ್ತಿತ್ತು. ತಪಾಸಣೆ ಪುಸ್ತಕಕ್ಕೆ ಸಹಿ ಹಾಕಿದೆ. 11-20ಕ್ಕೆ ಆ ಕಂಪ್ಯೂಟರ್ ಆರಿಹೋಗಿ ಯಂತ್ರಗಳು ನಿಂತವು. ಮ್ಯಾನೇಜರ್ ಸಾಹೇಬರು ಬಂದು, ಪೆಟ್ಟಿಗೆಯ ಗಾಜಿನೊಳಗೆ ಧೂಳು ಕಂಡು, ಯಂತ್ರ ನಡೆಸುವ ನನ್ನ ತಮ್ಮನೇ ಬೇಕೆಂದು ಬಾಗಿಲು ತೆರೆದಿಟ್ಟು ಹಾಳುಮಾಡಿದನೆಂದು ದೂರು ಕೊಟ್ಟರು. ಪೆಟ್ಟಿಗೆಯ ಬೀಗದ ಕೈ ಅವನ ಬಳಿಯೂ ಇತ್ತು. ಕಳೆದ ಗುರುವಾರ ಅವನು ಅವರಿಗೆ, "ಸಾರ್, ಕಂಪ್ಯೂಟರ್ ಕಾದು ಕೆಂಡ ಆಗ್ತಿದೆ, ಒಂದಿನ ಕೈ ಕೊಡುತ್ತೆ, ಆಮೇಲೆ ನನ್ನ ಕೇಳ್ಬೇಡಿ" ಎಂದಿದ್ದನು. ಅದನ್ನೇ ಬೆದರಿಕೆ ಎಂದು ಬರೆಸಿದರು. 12-10ಕ್ಕೆ ಪೊಲೀಸರು ಅವನನ್ನು ಕರೆದೊಯ್ದರು. ಅವನು ಊಟ ಮಾಡಿರಲಿಲ್ಲ.

12-45ಕ್ಕೆ ಠಾಣೆಯ ಪೇದೆಯವರ ಎದುರಿಗೇ ಪೆಟ್ಟಿಗೆ ತೆರೆದೆ. ರಬ್ಬರ್ ಪಟ್ಟಿಯ ಮೇಲೂ ಬಾಗಿಲ ಅಂಚಿನಲ್ಲೂ ಧೂಳಿರಲಿಲ್ಲ. ಒಳಗೆ ಪೈಪಿನ ಬಾಯಿಯ ಸುತ್ತ ಮಾತ್ರ ಎರಡು ಬೆರಳು ದಪ್ಪ ಕೂತಿತ್ತು. ಬಾಗಿಲು ತೆರೆದಿಟ್ಟಿದ್ದರೆ ಹೀಗಾಗುತ್ತಿರಲಿಲ್ಲ. ಅಕ್ಕನಾದ್ದರಿಂದ ತಮ್ಮನ ಪರ ವಹಿಸುತ್ತಿದ್ದೇನೆಂದು ತಿಳಿಯಬಾರದು. ಧೂಳಿಗೆ ನೆಂಟಸ್ತಿಕೆ ಗೊತ್ತಿಲ್ಲ.

ಪೈಪಿನ ಜಾಡು ಹಿಡಿದು 22 ಮೀಟರ್ ಹೋದೆವು. ಗೋಡೆಯ ತೂತಿನಲ್ಲಿ ನನ್ನ ಪೈಪಿರಲಿಲ್ಲ. ಮ್ಯಾನೇಜರ್ ಸಾಹೇಬರ ಕೋಣೆಯ ಹೊಸ ಎ.ಸಿ.ಯ ತಾಮ್ರದ ಕೊಳವೆ ಅದರಲ್ಲಿ ಹಾದುಹೋಗಿತ್ತು. ನನ್ನ ಪೈಪನ್ನು ಗೋಡೆಯ ಒಳಬದಿಗೆ ಎಳೆದು, ಚೀಲ ತುಂಬುವ ಯಂತ್ರದಿಂದ ಒಂದೂವರೆ ಮೀಟರ್ ದೂರದಲ್ಲಿ ಕಂಬಕ್ಕೆ ಕಟ್ಟಿದ್ದರು. ಇಪ್ಪತ್ತು ದಿನದ ಹಿಂದೆ ಎ.ಸಿ. ಕೂರಿಸಿದವನನ್ನು ಫೋನಿನಲ್ಲಿ ಕೇಳಲಾಗಿ, "ಇರೋ ತೂತಲ್ಲೇ ಹಾಕ್ಬಿಡು, ಮತ್ತೆ ಗೋಡೆ ಒಡೀಬೇಡ ಅಂತ ಸಾಹೇಬ್ರೇ ಅಂದ್ರಲ್ಲಾ" ಎಂದನು. ಪೇದೆಯವರೂ ಕೇಳಿಸಿಕೊಂಡಿದ್ದಾರೆ.

ಇನ್ನೊಂದು ಸಂಗತಿ, ಯಾರೂ ಕೇಳದಿದ್ದರೂ ಹೇಳುತ್ತೇನೆ. ಪ್ರತಿ ಸೋಮವಾರ ಪೈಪಿನ ಎರಡೂ ತುದಿ ನೋಡಿಯೇ ಸಹಿ ಹಾಕಬೇಕೆಂಬುದು ನಾನೇ ಮಾಡಿದ ನಿಯಮ. ಮೂರು ಸೋಮವಾರ ದಾರವನ್ನಷ್ಟೇ ನೋಡಿ ಸಹಿ ಹಾಕಿದ್ದೇನೆ. ಗಾಳಿ ಬರುತ್ತಿದೆಯೆಂದು ದಾರ ಹೇಳುತ್ತದೆ, ಎಂಥ ಗಾಳಿ ಎಂದು ಹೇಳುವುದಿಲ್ಲ. ತಮ್ಮ ನನ್ನನ್ನೂ ಎಚ್ಚರಿಸಿದ್ದನು. ನನ್ನ ಪೆಟ್ಟಿಗೆಯಲ್ಲಿ ತಪ್ಪು ಹುಡುಕಬೇಡ, ದಾರ ನೋಡು ಹೋಗು ಎಂದು ನಾನೇ ಅವನ ಬಾಯಿ ಮುಚ್ಚಿಸಿದೆ. ಅದಕ್ಕೆ ನನಗೆ ನಾಚಿಕೆಯಾಗಿದೆ. ಇದನ್ನೆಲ್ಲ ಬರೆಸಿದರೆ ಕೆಲಸಕ್ಕೆ ಕುತ್ತು ಬಂದೀತೆಂದು ಹೇಳಿಕೆ ಬರೆದುಕೊಳ್ಳುತ್ತಿರುವ ತಾವು ಹೇಳಿದಿರಿ. ಬರಲಿ. ಪುಸ್ತಕದಲ್ಲಿರುವುದು ನನ್ನ ಸಹಿ, ಒಳಗೆ ಕೂತಿರುವವನು ಅವನು. ಅವನನ್ನು ಬಿಡಬೇಕಾಗಿ ಕೋರುತ್ತೇನೆ.

ಮೇಲೆ ಬರೆಸಿದ್ದು ನಾನು ಕಣ್ಣಾರೆ ಕಂಡದ್ದು, ಸತ್ಯವಾದದ್ದು. ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಓದಿಸಿ ಕೇಳಿದ್ದೇನೆ. ಈ ಸಲ ಎರಡೂ ತುದಿ ನೋಡಿಯೇ ಸಹಿ ಹಾಕುತ್ತಿದ್ದೇನೆ.

ಸ್ಥಳ: ಪೊಲೀಸ್ ಠಾಣೆ
ದಿನಾಂಕ: 14, ಸೋಮವಾರ, ಸಂಜೆ 5-25
ಸಹಿ: ಡಬ್ಬಿ ಅಕ್ಕ